ಚೌರಪ್ಪನ ಗೇಟು

ಕೆಡವಿದ ಮೇಲೆ ಅಳತೆಗೆ ಬಂದರು, ಮೊದಲು ಬರಲಿಲ್ಲ.
ಅಗಲ ಹದಿನೈದಡಿ, ಬುಡದ ಕಲ್ಲು ನೋಡಿ ಅಂದಾಜು.
ನಮ್ಮಜ್ಜ ಚೌರಪ್ಪನಿಗೆ ಅಂದಾಜು ಬೇಕಿರಲಿಲ್ಲ:
ಒಂದು ಎಂಜಿನ್ನು, ಇಲ್ಲಾ ಒಂದು ಜೋಡೆತ್ತಿನ ಗಾಡಿ.
ಪಕ್ಕದಲ್ಲಿ ನಡೆಯುವವ ಮೈ ಓರೆ ಮಾಡಬೇಕು.

ಗೇಟು ಬೀಳುವುದು ಏಳು ನಲವತ್ತಕ್ಕೆ.
ಬಿಳಿಗಲ್ಲಹುಂಡಿಯ ಕಬ್ಬು, ನಂಜನಗೂಡಿಗೆ ಹೊರಟ ಕುರಿ,
ಮೊಟ್ಟೆಬುಟ್ಟಿಯ ಹುಸೇನ್‌ಬಿ, ಮೇಷ್ಟ್ರ ಸೈಕಲ್ಲು,
ಎಲ್ಲಾ ನಿಲ್ಲಬೇಕು.
"ತಡೀರಪ್ಪೋ, ಬತ್ತಾ ಅದೆ."
ಕಂಬಿಗೆ ಕಿವಿಯಿಟ್ಟು ಹೇಳುತ್ತಿದ್ದ;
ಸ್ಟೇಷನ್ನಿನ ಗಡಿಯಾರವನ್ನು ನಂಬಿದವನಲ್ಲ.
ಹಾಗೆ ಕಾಯುತ್ತಲೇ ಎರಡು ಮದುವೆ ಗೊತ್ತಾದವು,
ಒಂದು ಕೋಣ ಮಾರಾಟವಾಯಿತು,
ಮರಿಜವರ ಬೀಡಿ ಬಿಟ್ಟ, ಮತ್ತೆ ಹಿಡಿದ.

ಒಮ್ಮೆ ಚಟ್ಟವೂ ನಿಂತಿತ್ತು.
ಆಚೆ ದಡದಲ್ಲಿ ಗೂಡ್ಸು ಕೂಗುತ್ತಿದೆ,
ಸುಡುಗಾಡು ಇರುವುದೂ ಆಚೆಗೇ.
ಹೊತ್ತವರ ಹೆಗಲು ಸೋಲುತ್ತಿದೆ.
ಅಜ್ಜ ಹಸಿರು ಮಡಿಸಿ ಕೆಂಪು ಬಿಚ್ಚಿದ.
ಹದಿನೆಂಟು ವ್ಯಾಗನ್ನು ಉಪ್ಪು, ಸಿಮೆಂಟು
ಉಸಿರು ಬಿಡುತ್ತಾ ನಿಂತವು
ದೇವೀರಮ್ಮ ಕಪಿಲೆ ದಾಟುವ ತನಕ.
ಬದುಕಿದ್ದಾಗ ಆಕೆ
ಅಷ್ಟು ನಿಧಾನ ನಡೆದದ್ದೇ ಇಲ್ಲವಂತೆ.
ಗೇಟ್ ಪುಸ್ತಕದಲ್ಲಿ ಅಜ್ಜನ ಗುಂಡಕ್ಷರ:
"ಹನ್ನೊಂದು ಐದು. ಗೂಡ್ಸು ತಡ, ಒಂಬತ್ತು ನಿಮಿಷ.
ಕಾರಣ: ಹೆಂಗಸು ಒಬ್ಬರು."
ಐದು ರೂಪಾಯಿ ದಂಡ. ಕಟ್ಟಿದ.

ಆಮೇಲೆ ದೊಡ್ಡ ಕಂಬಿ ಬಂತು.
ರೈಲಿಗೊಂದು, ಬಸ್ಸಿಗೊಂದು ಹೊಸ ಸೇತುವೆ.
ಇದು ಹನ್ನೆರಡು ವರ್ಷ ಮುಳ್ಳು ಹೊತ್ತು ನಿಂತು
ಹರಾಜಾಯಿತು; ಕಂಬಿ ತೂಕಕ್ಕೆ, ಕಲ್ಲು ಲೋಡಿಗೆ.
ಮೊದಲ ದಿನ ಸಿಡಿಮದ್ದಿಗೆ ಕಮಾನು ಜಗ್ಗಲಿಲ್ಲ.
ಗಾರೆಗೆ ಬೆಲ್ಲ ಹಾಕವ್ರೆ ಬಡ್ಡೆತ್ತವು
ಅಂತ ಕಂಟ್ರಾಕ್ಟರು ಬೈದ.
ನಾವು ಹುಡುಗರು ಒಂದು ಚೂರು ಆಯ್ದು
ನೆಕ್ಕಿ ನೋಡಿದೆವು.
ಸುಣ್ಣ. ಬರೀ ಸುಣ್ಣ.

ಅಜ್ಜ ನೋಡಲು ಬರಲಿಲ್ಲ.
ಹಿತ್ತಿಲಲ್ಲಿ ಜಪಸರ ಹಿಡಿದು ಕೂತಿದ್ದ.
ಧಡ್ ಅಂದಾಗ ಕೇಳಿದ, "ಯಾವ ಕಡೇದು?"
"ನಮ್ಮ ಕಡೇದು."
"ಹೂಂ," ಅಂದು ಮುಂದಿನ ಮಣಿಗೆ ಹೋದ.

ಬೇಸಿಗೆಗೆ ಹೊಳೆ ಇಳಿದರೆ ಮೋಟು ಕಂಬ ಐದು,
ತಲೆಗೊಂದರಂತೆ ನೀರುಕಾಗೆ.
ನಮ್ಮನೆ ಒಗೆಯುವ ಕಲ್ಲೂ ಅಲ್ಲಿಯದೇ.
ಮೂಲೆಯಲ್ಲಿ ಉಳಿಯಿಂದ ಕೊರೆದ ಮೀನು,
ಯಾವ ಕಲ್ಲುಕುಟಿಗನ ಗುರುತೋ, ಬಾಲ ಮುಕ್ಕಾಗಿದೆ.
ಅಮ್ಮ ಸೋಪು ಇಡುವುದು ಅದರ ಮೇಲೆಯೇ,
ಜಾರುವುದಿಲ್ಲ ಅಂತ.