ಗುಳ್ಳಿ

ನವನಗರದ ಪಂಕ್ಚರ್ ಅಂಗಡ್ಯಾಗ
ದಾವಲಸಾಬ ಟ್ರ್ಯಾಕ್ಟರ್ ಟ್ಯೂಬು ನೀರಾಗ ಅದುಮಿ
ಗುಳ್ಳಿ ಎಲ್ಲಿ ಅಂತ ಹುಡುಕತಾನ.
"ಇಲ್ಲೈತಿ ನೋಡು, ಉಸರಾಡತೈತಿ.
ಮೀನಾಗಿದ್ರ ಇಷ್ಟೊತ್ತಿಗೆ ಹಿಡೀತಿದ್ದೆ."

ಸೈಕಲ್ ಕ್ಯಾರಿಯರಿಗೆ ಆಗಲೇ ಬಿಗಿದದ್ದು:
ತಾಡಪಾಲು, ಎರಡು ಗಾಳ, ರಾತ್ರಿಗೆ ಕಟಕ ರೊಟ್ಟಿ,
ಶೇಂಗಾಹಿಂಡಿ ಡಬ್ಬಿ.
ಎರೆಹುಳದ್ದೂ ಅಂಥಾದ ಡಬ್ಬಿ.
ಖಾಜಾಬಿ ಅದರ ಮ್ಯಾಲ ಸುಣ್ಣದಾಗ ಗೀಟು ಹಾಕ್ಯಾಳ;
ಹೋದ ಸಲ ಕತ್ತಲದಾಗ
ರೊಟ್ಟಿಗೆ ಅಂತ ತಗದದ್ದು ಅದನ್ನ.

ಟ್ಯೂಬಿನ ನಡುವ ಗೋಣಿಚೀಲ ಹೊಲಿದು
ಕುಂತು ನೋಡಿದೆ.
ಕಾಲು ಸಿಮೆಂಟಿಗೆ ತಾಗಿದವು.
"ನಾಳೆ ಹಿನ್ನೀರಾಗ ತಾಗಂಗಿಲ್ಲ," ಅಂದ.
"ಕೆಳಗ ನಮ್ಮ ಹಳೀ ಅಂಗಡಿ ಐತಿ,
ಬೋರ್ಡು ಬಿಚ್ಚಿರಲಿಲ್ಲ.
ಗಾಳ ಸಿಕ್ಕೊಂಡ್ರ
ಎಳೀಬ್ಯಾಡ.
ದಾರ ಕೊಯ್ದು ಬಿಡು."