ಕಪ್ಪೆ ಲೆಕ್ಕ

ಹಿತ್ತಲಲ್ಲಿ ಒಂದು ಹೊಂಡ. ಹೊಂಡ ಎಂದರೆ ದೊಡ್ಡ ಮಾತು.
ಹಳೆ ಬಚ್ಚಲು ಒಡೆದಾಗ ಉಳಿದ ಗುಂಡಿ,
ಆಳ ನನ್ನ ಮೊಣಕಾಲಿಗೆ, ನಡುವೆ ಮಾತ್ರ ತೊಡೆಗೆ.
ಒಂದು ಮಗ್ಗುಲು ಇಳಿಜಾರು ಬಿಟ್ಟು ಕಲ್ಲು ಜೋಡಿಸಿದ್ದೇನೆ.
ಬಿದ್ದದ್ದು ಎದ್ದು ಹೋಗಬೇಕಲ್ಲ.
ಮೊದಲ ವರ್ಷ ಒಂದು ಅಳಿಲು ಎದ್ದು ಹೋಗಲಿಲ್ಲ.

ಮಂಡಕ್ಕಿ ಭಟ್ಟಿಗಳ ಮಸಿ ಬೆಳಗಿನ ಜಾವ ಬಂದು
ನೀರಿನ ಮೇಲೆ ಕೂರುತ್ತದೆ, ಆರಿದ ಚಹಾದ ಕೆನೆಯಂತೆ.
ಪತ್ರಿಕೆಯ ಹಾಳೆ ಹಾಸಿ ಮೆಲ್ಲಗೆ ಎತ್ತುತ್ತೇನೆ.
ನಿನ್ನೆಯ ಸುದ್ದಿಗೆ ಮಸಿ ಅಂಟಿಕೊಂಡು ಬರುತ್ತದೆ,
ನೀರಿಗೆ ಮುಖ ಬರುತ್ತದೆ.

ನಲ್ಲಿ ನೀರು ವಾರಕ್ಕೊಮ್ಮೆ. ಬಂದ ದಿನ
ನೇರ ಬಿಡುವಂತಿಲ್ಲ, ಅದರಲ್ಲಿ ಔಷಧಿ ಇರುತ್ತದೆ.
ನೀಲಿ ಡ್ರಮ್ಮಿನಲ್ಲಿ ಎರಡು ದಿನ ಬಾಯಿ ತೆರೆದಿಟ್ಟು
ವಾಸನೆ ಹೋಯಿತೇ ಎಂದು ಮೂಸಿ ನೋಡಿ
ಆಮೇಲೆ ಚೊಂಬು ಚೊಂಬಾಗಿ.
"ಕೂಸಿಗೆ ಎರದಂಗೆ ಎರೀತಾರೆ ನೋಡ್ರಿ" ಎನ್ನುತ್ತಾಳೆ ಕರಿಬಸಮ್ಮ
ಗೋಡೆಯಾಚೆಯವರಿಗೆ ಕೇಳುವಷ್ಟು ಜೋರಾಗಿ.

ಇಷ್ಟೆಲ್ಲ ಯಾಕೆ ಎಂದು ಕೇಳಿದವರಿಗೆ
ಪಿಂಚಣಿ ತಿನ್ನುವವನಿಗೆ ಬೇರೆ ಕೆಲಸವೇನು ಅಂದುಬಿಡುತ್ತೇನೆ.

ಕಾಲೇಜಿನ ಲ್ಯಾಬಿನಲ್ಲಿ ಮೂವತ್ತೊಂದು ವರ್ಷ ಅಟೆಂಡರ್ ನಾನು.
ಜುಲೈ ಬಂತೆಂದರೆ ಗೋಣಿಚೀಲ, ಸೈಕಲ್ಲು, ಟಾರ್ಚು.
ಬಾತಿ ಕೆರೆಯ ಹಿಂದೆ, ನಾಲೆ ಏರಿಯ ಗುಂಟ,
ವಟಗುಟ್ಟುವ ಕಡೆ ಬೆಳಕು ಬಿಟ್ಟರೆ
ಕಣ್ಣು ಕುಕ್ಕಿ ಕೂತುಬಿಡುತ್ತವೆ, ಪಾಪ, ಕೈಗೆ ಸಿಗುವ ತನಕ.
ಒಂದಕ್ಕೆ ಒಂದೂವರೆ ರೂಪಾಯಿ.
ದಾಸ್ತಾನು ಪುಸ್ತಕದಲ್ಲಿ ನನ್ನದೇ ಅಕ್ಷರ:
ಕಪ್ಪೆ, ಅರವತ್ತು. ಸ್ವೀಕರಿಸಿದೆ.
ಕಪ್ಪೆ, ಅರವತ್ತು. ಖರ್ಚಾಗಿದೆ.

ಮೇಣದ ತಟ್ಟೆಯಲ್ಲಿ ಅಂಗಾತ, ನಾಲ್ಕು ಕಾಲಿಗೆ ನಾಲ್ಕು ಗುಂಡುಸೂಜಿ.
ಹತ್ತನೇ ಕ್ಲಾಸು ದಾಟದ ನಾನು
ಕಣ್ಣು ಮುಚ್ಚಿಕೊಂಡ ಹುಡುಗಿಯರಿಗೆ ಬೆರಳಿಟ್ಟು ತೋರಿಸುತ್ತಿದ್ದೆ:
ಇದು ಪಿತ್ತಕೋಶ, ಇದು ಮೂತ್ರಪಿಂಡ,
ಇನ್ನೂ ಮಿಡೀತಿದೆಯಲ್ಲ, ಅದು... ಬರ್ಕೊಳ್ರಮ್ಮಾ.

ಆಮೇಲೆ ಮೇಲಿನವರು ಬೇಡವೆಂದರು. ಕಂಪ್ಯೂಟರಿನಲ್ಲೇ ಕುಯ್ದರು.
ಸೂಜಿಗಳು ಡಬ್ಬಿಯಲ್ಲಿ ತುಕ್ಕು ಹಿಡಿದವು.

ಹೊಂಡಕ್ಕೆ ನಾನು ಒಂದು ಕಪ್ಪೆಯನ್ನೂ ತಂದು ಬಿಡಲಿಲ್ಲ.
ಚೀಲ ಹಿಡಿಯಲು ಕೈ ಬರಲಿಲ್ಲ.
ನೀರು ತುಂಬಿದೆ, ದಂಡೆಗೆ ಒಂದೆಲಗ ಊರಿದೆ, ಹಿತ್ತಲ ದೀಪ ಆರಿಸಿದೆ.
ಎರಡು ಮಳೆಗಾಲ ಸೊಳ್ಳೆ ಮರಿ, ಬರೀ ಸೊಳ್ಳೆ ಮರಿ.
ಡೆಂಗಿ ಎಂದು ಆಶಾ ಕಾರ್ಯಕರ್ತೆ ನಸೀಮಾ ಬಂದು ಬಗ್ಗಿ ನೋಡಿ
"ಅಂಕಲ್, ಮುಚ್ಚಿಸ್ತೀರೋ, ಎಣ್ಣೆ ಹುಯ್ಲೋ?" ಅಂದಳು.
ಒಂದು ವಾರ ಕೊಡಮ್ಮ ಅಂದೆ, ಸಾಲಗಾರನಂತೆ.
ಏರೋಪ್ಲೇನ್ ಚಿಟ್ಟೆ ಯಾವಾಗಲೋ ಮೊಟ್ಟೆ ಇಟ್ಟು ಹೋಗಿತ್ತು.
ಅದರ ಮರಿ, ಕೆಸರು ಬಣ್ಣದ ಪುಂಡ, ದವಡೆ ಚಾಚಿ
ಅವಳ ಕಣ್ಣೆದುರೇ ಒಂದನ್ನು ಹಿಡಿದು ತಿಂದಿತು.
"ಅಯ್ಯ!" ಅಂದಳು. ಬರೆದುಕೊಂಡು ಹೋದಳು. ಏನು ಬರೆದಳೋ.

ಮೂರನೆಯ ಮಳೆಗೆ ಬಂದವು. ಎಲ್ಲಿಂದ?
ಸಿಮೆಂಟು ರಸ್ತೆ, ಚರಂಡಿ, ಲಾರಿ ಗ್ಯಾರೇಜು ದಾಟಿ,
ರಾತ್ರಿ ಒಂದೂವರೆಗೆ ಒಂದೇ ಒಂದು ಗಂಟಲು.
ಟಾರ್ಚು ತಡಕಿ ಎದ್ದೆ, ಬಾಗಿಲ ತನಕ ಹೋದೆ,
ವಾಪಸ್ಸು ಬಂದು ಮಲಗಿದೆ.

ಹೋದ ಶ್ರಾವಣದಲ್ಲಿ ಒಂದು ಸತ್ತು ತೇಲಿತ್ತು, ಅಂಗಾತ,
ಬಿಳಿ ಹೊಟ್ಟೆ ಮೇಲಾಗಿ, ಕೈಕಾಲು ನಾಲ್ಕೂ ಅಗಲಿಸಿ.
ಅಂಗೈಯಲ್ಲಿ ಎತ್ತಿ ಮಗುಚಿದೆ.
ಕರಿಬೇವಿನ ಬುಡದಲ್ಲಿ ಮಣ್ಣು ಮಾಡಿದೆ, ಬೆನ್ನು ಮೇಲಾಗಿ.

ಈಗ ಪಾಚಿಯ ಕಾಲ.
ಬಿದಿರು ಕಡ್ಡಿಗೆ ಶಾವಿಗೆಯಂತೆ ಸುತ್ತಿ ಎಳೆಯಬೇಕು,
ಪೂರ್ತಿ ಅಲ್ಲ, ಅರ್ಧ ಬಿಡಬೇಕು.
ಎಳೆದದ್ದನ್ನು ದಂಡೆಯ ಮೇಲೆ ಒಂದು ರಾತ್ರಿ ಇಡುತ್ತೇನೆ,
ಒಳಗೆ ಸಿಕ್ಕವು ತಾವಾಗಿ ಇಳಿದುಹೋಗಲಿ ಎಂದು.
ಗೊದಮೊಟ್ಟೆಗೆ ಕಾಲಿಲ್ಲ. ಅವನ್ನು ಆಗಲೇ
ಚಮಚದಲ್ಲಿ ನಾನೇ ಬಿಡಬೇಕು, ಒಂದೊಂದಾಗಿ.
ನಿನ್ನೆ ಎಣಿಸುತ್ತಾ ಹೋದೆ, ಹಳೆಯ ಚಾಳಿ.
ಐವತ್ತೇಳು, ಐವತ್ತೆಂಟು...
ಒಳಗಿನಿಂದ ಕರಿಬಸಮ್ಮ ಚಹಾ ಆರ್ತದೆ ಎಂದು ಕೂಗಿದಳು.
ಲೆಕ್ಕ ತಪ್ಪಿತು. ಚಮಚದಲ್ಲಿದ್ದದ್ದು
ಬಾಲ ಬಡಿದು ತಾನೇ ಹಾರಿಕೊಂಡಿತು.