ಅಂಚಿನ ಸಾಲು

ಇಂಡಿ ರಸ್ತೆಯ ಎರಿಹೊಲದಲ್ಲಿ ಬಿಳಿಜೋಳದ ಇಪ್ಪತ್ನಾಲ್ಕು ತಾಕು,
ಪ್ರತಿಯೊಂದಕ್ಕೂ ತಗಡಿನ ನಂಬರು,
ಸುತ್ತ, ಲೆಕ್ಕಕ್ಕಿಲ್ಲದ ಅಂಚಿನ ಸಾಲು.
ಯಾವ ತಾಕಿಗೆ ಯಾವ ಬೀಜವೋ
ರಾಚಪ್ಪ ಬಡಿಗೇರರಿಗೇ ಗೊತ್ತಿಲ್ಲ.
ಆ ಚೀಟಿ ನನ್ನ ಪೆಟ್ಟಿಗೆಯಲ್ಲಿ; ಇಡಿಸಿದ್ದು ಅವರೇ.
"ಗೊತ್ತಿದ್ರ ಕಣ್ಣು ಸುಳ್ಳು ಹೇಳತಾವ."

ಸುಣ್ಣದ ತಿಳಿಯಲ್ಲಿ ನೆನೆಸಿ ಬಿತ್ತಿದರೆ
ದಂಟು ಕೊಳೆತು ಬೀಳುವುದಿಲ್ಲವೆಂದು
ಆರು ವರ್ಷ ವಾದಿಸಿದವರು,
ಬಿದ್ದದ್ದನ್ನು ಈಗ ಬಗ್ಗಿ ಬಗ್ಗಿ ಎಣಿಸಿದರು.
ಒಂಬತ್ತರಲ್ಲಿ ಸಂಶಯ: ಮತ್ತೆ ಮೊದಲಿನಿಂದ.
ಹದಿನೇಳಕ್ಕೆ ಕುರಿ ಹೊಕ್ಕಿದ್ದವು:
'ಕುರಿ' ಎಂದೇ ಬರೆದರು.

ಸಂಜೆ ಚೀಟಿ ಬಿಚ್ಚಿದೆ.
ನೆನೆಸಿದ್ದೂ ಬಿದ್ದಿತ್ತು, ನೆನೆಸದ್ದೂ ಬಿದ್ದಿತ್ತು,
ಹೆಚ್ಚುಕಡಿಮೆ ಅಷ್ಟೇ.
ಅವರ ಮುಖ ನೋಡಲಾರದೆ
ಚಪ್ಪಲಿಯ ಎರಿಮಣ್ಣು ಕೆರೆಯುತ್ತ ನಿಂತೆ.

ವ್ಯತ್ಯಾಸದ ಕಾಲಮ್ಮಿನಲ್ಲಿ ಸೊನ್ನೆಯನ್ನು ದುಂಡಗೆ ಬರೆದು
"ಹಂಗಾರ ಬ್ಯಾರೆ ಏನೋ ಐತಿ" ಎಂದರು,
ಹೆಣ್ಣು ಗೊತ್ತಾದ ಹುಡುಗನ ದನಿಯಲ್ಲಿ.

ಆಮೇಲೆ ಕುಳ್ಳು ಹೊತ್ತಿಸಿದರು, ಸೀತನಿ ಸುಡಲು.
ಪಕ್ಕದ ದಪ್ಪ ತೆನೆಗೆ ನಾನು ಕೈಹಾಕಿದೆ.
"ಅದು ಲೆಕ್ಕದ್ದು, ತಮ್ಮಾ."
ಕತ್ತಲಲ್ಲಿ ತಡವುತ್ತ ಹೋಗಿ
ಅಂಚಿನ ಸಾಲಿನಿಂದ ನಾಲ್ಕು ಮುರಿದು ತಂದರು.